ದರ್ಜಿಯಮ್ಮನ ಬೀರು

ಜೂನ್ 3, ಸೋಮವಾರ

ಇವತ್ತು ಬೆಳಿಗ್ಗೆ ಒಂದು ಜೊತೆ ಕಾಲುಚೀಲಕ್ಕಾಗಿ ಮಂಚದ ಕೆಳಗೆ ತಲೆ ತೂರಿಸಿ, ಸೊಂಟದಿಂದ ಹಿಂದಿನದನ್ನೆಲ್ಲ ಹೊರಗೇ ಬಿಟ್ಟುಕೊಂಡು ಸೂಟ್‌ಕೇಸು ತಡಕುತ್ತಿದ್ದೆ. ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಗಾಬರಿಯಲ್ಲಿ ಎದ್ದೆ, ಮಂಚದ ಪಟ್ಟಿ ನೆತ್ತಿಗೆ ಬಡಿಯಿತು. ನೋಡಿದರೆ ಮೇಷ್ಟ್ರ ಮಗಳು.

"ಏನಾದ್ರೂ ಬೇಕಿತ್ತೇನಮ್ಮ?" ಅಂದೆ.

"ಊಹೂಂ" ಅಂದಳು, ಹೊರಟುಹೋದಳು.

ಹದಿನಾಲ್ಕು ವರ್ಷದ ಹುಡುಗಿ. ಮಾತಾಡಿದರೆ ಮುತ್ತು ಉದುರುತ್ತದೆಂದು ಅಂಜಿಕೆಯೋ ಏನೋ. ನಾನು ಮೇಷ್ಟ್ರ ಮನೆಗೆ ಬಂದು ತಿಂಗಳ ಮೇಲಾಯಿತು, ಅವಳಿಂದ ನನಗೆ ಸಿಕ್ಕಿರುವುದು ಇದೊಂದೇ ಮಾತು. ಹಾಗಾಗಿ ಮನಸ್ಸಿನಲ್ಲಿ ಅವಳಿಗೆ ಊಹೂಂ ಅಂತಲೇ ಹೆಸರಿಟ್ಟುಬಿಟ್ಟಿದ್ದೇನೆ.

ನಾನು ನಲವತ್ತಾರಕ್ಕೆ ಮದುವೆಯಾದವಳು. ದರ್ಜಿ ಅಂಗಡಿ ಇಟ್ಟುಕೊಂಡು ಊರಿನವರಿಗೆಲ್ಲ ಮದುವೆಯ ಬಟ್ಟೆ ಹೊಲಿದೆ. ಕೊನೆಗೆ ಕಾರು ಕಲಿಯೋಣವೆಂದು ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಲಿಸಿದ ಮೇಷ್ಟ್ರನ್ನೇ ಮದುವೆಯಾದೆ. ಲೈಸೆನ್ಸ್ ಮಾತ್ರ ಇನ್ನೂ ಬಂದಿಲ್ಲ. ಮೇಷ್ಟ್ರು ಒಳ್ಳೆಯವರು. ಆದರೆ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತುವುದೇ ಅವರ ಕಸುಬು. ಮನೆಯಲ್ಲೂ ಯಾವುದಾದರೂ ಕೆಲಸ ಮುಂದಕ್ಕೆ ಹೋಗುವ ಹಾಗೆ ಕಂಡರೆ ಸಾಕು, ಬಲಗಾಲು ತಾನಾಗಿ ನೆಲವನ್ನು ಒತ್ತುತ್ತದೆ.

ಮಲಗುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ದೊಡ್ಡ ಬೀರು ಇದೆ. ಅದರ ತುಂಬ ಮೇಷ್ಟ್ರ ಮೊದಲ ಹೆಂಡತಿಯ ಬಟ್ಟೆಗಳು. ಆಕೆ ತೀರಿಕೊಂಡು ಮೂರು ವರ್ಷವಾದರೂ ಯಾರೂ ಅದಕ್ಕೆ ಕೈ ಹಚ್ಚಿಲ್ಲ. ಮೇಷ್ಟ್ರ ಅಂಗಿಗಳು ಬಾಗಿಲ ಹಿಂದಿನ ಮೊಳೆಗಳಲ್ಲಿ ನೇತಾಡುತ್ತವೆ. ನಾನೂ ಮುಟ್ಟುವುದಿಲ್ಲ. ತೀರಿಕೊಂಡವರ ಜೊತೆ ಜಾಗಕ್ಕಾಗಿ ಜಗಳಕ್ಕಿಳಿದು ಗೆದ್ದವರುಂಟೇ?

ಸಂಜೆ ಅಕ್ಕ ಫೋನ್ ಮಾಡಿದ್ದಳು. ಅಂಗಡಿಯ ಹಿಂದೆ ನಾನು ಇಷ್ಟು ವರ್ಷ ಒಬ್ಬಳೇ ಇದ್ದ ರೂಮಿನ ವಿಷಯ ಎತ್ತಿದಳು.

"ಆ ರೂಮು ಹಾಗೇ ಇದ್ಯೇನೆ? ಹಾಸಿಗೆ ಸಮೇತ?"

"ಇದೆ. ಇರ್ಲಿ ಬಿಡಕ್ಕ."

"ಎರಡು ದೋಣೀಲಿ ಕಾಲಿಟ್ಟೋಳು ದಡ ಸೇರಲ್ಲ ಕಣೆ."

ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನಾಲ್ಕು ಬಟ್ಟೆ ಮಡಚಿಡಲು ಒಂದು ಕಪಾಟಿಲ್ಲದ ಕಡೆ ನಾನು ನೆಂಟಳೇ ಹೊರತು ಮನೆಯವಳಲ್ಲ. ಶಾಲೆಯ ಸಮವಸ್ತ್ರದ ಹೊಲಿಗೆ ಮುಗಿಯುವವರೆಗೆ ನೋಡುತ್ತೇನೆ. ಅಷ್ಟರಲ್ಲಿ ಇಲ್ಲಿ ನನ್ನದು ಅನ್ನುವ ಜಾಗ ಆಗದಿದ್ದರೆ ಸೂಟ್‌ಕೇಸು ಹೇಗೂ ಕಟ್ಟಿಯೇ ಇದೆ. ಇದನ್ನು ಮೇಷ್ಟ್ರಿಗೆ ಹೇಳಿಲ್ಲ.

ಜೂನ್ 5, ಬುಧವಾರ

ಊಟದ ಹೊತ್ತಿನಲ್ಲಿ ಮೇಷ್ಟ್ರು ತಾವಾಗಿಯೇ "ಆ ಬೀರು ಖಾಲಿ ಮಾಡೋಣ್ವಾ?" ಅಂದರು. ಅಂದವರೇ ಮೇಜಿನ ಕೆಳಗೆ ಬ್ರೇಕ್ ಒತ್ತಿದರು. ನನ್ನ ಕಾಲ್ಬೆರಳು ಅಲ್ಲೇ ಇತ್ತು. ಊಹೂಂ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು.

"ಬೇಡ ಬಿಡ್ರಿ. ನಾನೇ ಒಂದು ಮಾಡ್ಕೋತೀನಿ" ಅಂದೆ.

"ಏನನ್ನ?"

"ಬೀರು."

"ಬೀರು ಮಾಡ್ಕೊಳ್ಳೋದಾ? ಅದೇನು ಜೇಬೇ, ಕೂತು ಹೊಲ್ಕೊಳ್ಳಕ್ಕೆ?"

ಹಾಸ್ಯಕ್ಕೇ ಅಂದದ್ದು, ಆದರೂ ಮೂಗಿನ ತುದಿಗೆ ಕೋಪ ಬಂತು. ಅಳೆಯಬೇಕು, ಕತ್ತರಿಸಬೇಕು, ಜೋಡಿಸಬೇಕು. ಬಟ್ಟೆಯಾದರೇನು, ಹಲಗೆಯಾದರೇನು? ಗೊತ್ತಿದ್ದ ಬಡಗಿಯನ್ನು ವಿಚಾರಿಸಿದ್ದೆ, ಎರಡು ತಿಂಗಳು ಪುರುಸೊತ್ತಿಲ್ಲವಂತೆ. ಅಷ್ಟು ಕಾಯುವ ವ್ಯವಧಾನ ನನಗಿಲ್ಲ.

ಜಾಗವನ್ನೂ ನೋಡಿಟ್ಟಿದ್ದೇನೆ. ಎರಡು ಕೋಣೆಗಳ ನಡುವೆ ಅಡುಗೆಮನೆಯಿಂದ ಶುರುವಾಗುವ ಕಿರಿದಾದ ಪ್ಯಾಸೇಜಿದೆ. ಅದರ ಕೊನೆಯಲ್ಲಿ, ಊಹೂಂಳ ಕೋಣೆಯ ಬಾಗಿಲ ಪಕ್ಕಕ್ಕೆ, ಗೋಡೆ ಒಳಕ್ಕೆ ಸರಿದು ಒಂದು ಗೂಡಿನ ಹಾಗಾಗಿದೆ. ಬೀರು ನಿಲ್ಲಿಸಲು ಹೇಳಿ ಮಾಡಿಸಿದ ಜಾಗ. ಸದ್ಯಕ್ಕೆ ಅಲ್ಲಿ ಅವಳ ಸೈಕಲ್ ನಿಂತಿದೆ.

"ಸೈಕಲ್ನ ಬಾಲ್ಕನಿಗೆ ಹಾಕೋಣ್ವಾ ಮರಿ?" ಎಂದು ಬೆಣ್ಣೆಯ ಹಾಗೆ ಕೇಳಿದೆ. ಉತ್ತರ ಬರೆಯಬೇಕಾಗಿಲ್ಲ.

ಜೂನ್ 6, ಗುರುವಾರ

ಸೈಕಲ್ ಅಲ್ಲೇ ಇದೆ. ನಾನೂ ಇಲ್ಲೇ ಇದ್ದೇನೆ.

ಜೂನ್ 9, ಭಾನುವಾರ

ನಮ್ಮ ಕಸುಬಿನಲ್ಲಿ ಹೊಸ ನಮೂನೆಯ ಬಟ್ಟೆ ಹೊಲಿಯುವ ಮುಂಚೆ ಕಾಗದದಲ್ಲಿ ಕತ್ತರಿಸಿ ನೋಡುತ್ತೇವೆ. ಬೀರುವಿಗೂ ಹಾಗೇ ಮಾಡಿದೆ. ಹಳೆಯ ಪೇಪರುಗಳನ್ನು ಒಂದಕ್ಕೊಂದು ಅಂಟಿಸಿ, ಆಳೆತ್ತರದ ಕಾಗದದ ಬೀರು ಮಾಡಿ, ಸೈಕಲ್ ಕಾಣದ ಹಾಗೆ ಗೂಡಿನ ಬಾಯಿಗೆ ಕಟ್ಟಿದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ. ಇಲ್ಲಿ ತೂಗುಹಾಕುವ ಬಟ್ಟೆ, ಇಲ್ಲಿ ಮಡಚಿದ್ದು, ಮೇಲೆ ಕಂಬಳಿ. ಮೇಷ್ಟ್ರು ಬಂದು ಬಹಳ ಹೊತ್ತು ದಿಟ್ಟಿಸಿ ನೋಡಿ, "ಹಿಡಿ ಎಲ್ಲಿ? ಬಾಗಿಲು ತೆಗೆಯೋದು ಹೇಗೆ?" ಅಂದರು. ತಾವೇ ಜೇಬಿನಿಂದ ಪೆನ್ನು ತೆಗೆದು ಎರಡು ಹಿಡಿ ಬರೆದರು.

ಆಮೇಲೆ ಸೂಟ್‌ಕೇಸನ್ನು ಮಂಚದ ಮೇಲೆ ಸುರಿದು ಮೂರು ಗುಡ್ಡೆ ಮಾಡಿದೆ. ಉಡುವುದು ಒಂದು, ಉಡದೆ ಇರುವುದು ಒಂದು. ಉಡುವುದೂ ಇಲ್ಲ, ಕೊಡಲು ಮನಸ್ಸೂ ಬರುವುದಿಲ್ಲ ಅನ್ನುವುದು ಮೂರನೆಯದು. ಮೊದಲ ಎರಡನ್ನೂ ಸೇರಿಸಿದರೂ ಮೂರನೆಯದೇ ದೊಡ್ಡದು. ಅಂಗಡಿಗೆ ಬರುವವರಿಗೆಲ್ಲ "ಬಳಸದ್ದನ್ನ ಯಾಕಮ್ಮ ಇಟ್ಕೋತೀರಾ, ಯಾರಿಗಾದ್ರೂ ಕೊಡಿ" ಎಂದು ಪುಕ್ಕಟೆ ಉಪದೇಶ ಮಾಡುವವಳು ನಾನೇ. ಮೂರನ್ನೂ ಒಟ್ಟು ಮಾಡಿ ಮತ್ತೆ ಒಳಗೆ ತುರುಕಿದೆ.

ಜೂನ್ 12, ಬುಧವಾರ

ಇವತ್ತಿನ ವಿಶೇಷ ವಾರ್ತೆ! ನಿನ್ನೆ ಸಂಜೆ ಕಾಗದದ ಬೀರುವಿನ ಮೇಲೆ ಪೆನ್ಸಿಲಿನ ಬರಹ ಕಂಡಿತು. "ಲೈಟ್ ಸ್ವಿಚ್ ಇದರ ಹಿಂದೆ ಇದೆ." ಊಹೂಂಳಿಂದ ಒಂದು ಇಡೀ ವಾಕ್ಯ! ಎತ್ತಿ ನೋಡಿದರೆ ನಿಜ, ಸ್ವಿಚ್ ಹಿಂದೆಯೇ ಇದೆ. ಬೀರು ನಿಂತಿದ್ದರೆ ಪ್ಯಾಸೇಜು ಶಾಶ್ವತವಾಗಿ ಕತ್ತಲಾಗುತ್ತಿತ್ತು. ಅದರ ಕೆಳಗೆ "ಎಡಕ್ಕೆ ಸರಿಸಲಾ?" ಎಂದು ಬರೆದೆ. ಬೆಳಿಗ್ಗೆ ಎದ್ದು ನೋಡಿದರೆ "ಹೂಂ" ಎಂದಿತ್ತು. ಸೈಕಲ್ ಬಾಲ್ಕನಿಯಲ್ಲಿ ನಿಂತಿತ್ತು. ನಾನು ಏನೂ ಕಾಣದವಳ ಹಾಗೆ ಕಾಫಿ ಕುಡಿದೆ.

ಇನ್ನೊಂದು ವಿಚಿತ್ರ. ಅಂಗಡಿಯಿಂದ ಬಂದಾಗ ಒಂದೊಂದು ದಿನ ನಮ್ಮ ಕೋಣೆಯ ಕುರ್ಚಿ ಆ ದೊಡ್ಡ ಬೀರುವಿನ ಎದುರಿಗೆ ಇರುತ್ತದೆ. ನಾನು ಅದನ್ನು ಕಿಟಕಿಯ ಹತ್ತಿರ ಇಟ್ಟು ಹೋಗಿರುತ್ತೇನೆ. ಮೇಷ್ಟ್ರನ್ನು ಕೇಳಿದರೆ ಗೊತ್ತಿಲ್ಲ ಅಂದರು.

ಜೂನ್ 14, ಶುಕ್ರವಾರ

ಪ್ಲೈವುಡ್ ಅಂಗಡಿಗೆ ಹೋಗಿದ್ದೆ. ಹೇಳಿದ ಅಳತೆಗೆ ಅಲ್ಲೇ ಕೊಯ್ದು ಕೊಡುತ್ತಾರೆ. ಅಂಗಡಿಯವನು ನನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬಡಗಿ ಎಲ್ಲಮ್ಮ?"

"ಎದುರಿಗೇ ಇದೀನಲ್ಲ."

"ಅಳತೆ ಸರಿಯಾಗಿದ್ಯಾ? ಕೊಯ್ದ ಮೇಲೆ ವಾಪಸ್ ತಗೊಳ್ಳಲ್ಲ."

ನನ್ನ ಅಳತೆಯನ್ನೇ ಅನುಮಾನಿಸಿದ! ಅಳೆದೂ ಸುರಿದೂ ಬರೆದದ್ದು. ಅಷ್ಟೇ ಅಲ್ಲ, ಎತ್ತರಕ್ಕೆ ಮೇಲೆರಡು ಬೆರಳು, ಕೆಳಗೆರಡು ಬೆರಳು ಜಾಸ್ತಿಯೇ ಸೇರಿಸಿ ಬರೆದಿದ್ದೆ. ನಮ್ಮ ಕಸುಬಿನ ಮೊದಲ ಪಾಠ ಅದು. ಒಳಗೆ ಸ್ವಲ್ಪ ಬಿಟ್ಟಿದ್ದರೆ ಆಮೇಲೆ ಮಡಚಿ ಹಿಡಿಯಬಹುದು, ಕಡಿಮೆಯಾದರೆ ಎಲ್ಲಿಂದ ತಂದು ಸೇರಿಸುವುದು? ಇಂಥ ಮುಂದಾಲೋಚನೆ ಅವನಿಗೆ ಎಲ್ಲಿ ಅರ್ಥವಾಗಬೇಕು. ಹಲಗೆ ಹೊರಿಸಿಕೊಂಡು ಬಂದೆ.

ಜೂನ್ 16, ಭಾನುವಾರ

ಬರೆಯಲು ಕೂತರೆ ನಗು ಬರುತ್ತದೆ, ಮೊಣಕಾಲು ನೆನೆದರೆ ಅಳು ಬರುತ್ತದೆ.

ಬೆಳಿಗ್ಗೆಯಿಂದ ಪ್ಯಾಸೇಜಿನ ನೆಲದ ಮೇಲೆ ಹಲಗೆಗಳನ್ನು ಹರಡಿಕೊಂಡು ಜೋಡಿಸಿದೆ. ಡ್ರಿಲ್ಲು, ಸ್ಕ್ರೂ, ಅಂಟು. ಎರಡು ಸಲ ಮೇಲಿನದನ್ನು ಕೆಳಗೆ ಹಾಕಿ ಬಿಚ್ಚಿದೆ. ಬಿಚ್ಚಿ ಹೊಲಿಯುವುದು ನನಗೇನು ಹೊಸದಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಗಿಲೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಗಿ, ಬೀರು ಬೆನ್ನಡಿಯಾಗಿ ದೋಣಿಯ ಹಾಗೆ ಮಲಗಿತ್ತು. ಇನ್ನು ಎತ್ತಿ ನಿಲ್ಲಿಸುವುದು. ಮೇಷ್ಟ್ರಿಗೆ ಭಾನುವಾರವೇ ಹೆಚ್ಚು ಪಾಠ, ಮನೆಯಲ್ಲಿರಲಿಲ್ಲ. ಅವಳ ಬಾಗಿಲು ತಟ್ಟಿ "ಸ್ವಲ್ಪ ಕೈ ಕೊಡ್ತೀಯಾ?" ಅಂದೆ. ಹೊರಗೆ ಬಂದಳು.

"ನೀನು ಅಲ್ಲೇ ನಿಂತು ಬುಡಕ್ಕೆ ಕಾಲು ಕೊಡು. ನಾನು ಈ ಕಡೆಯಿಂದ ತಲೆ ಎತ್ತುತೀನಿ" ಎಂದು ಅಪ್ಪಣೆ ಕೊಟ್ಟೆ.

ಎತ್ತಿದೆ. ಬೀರು ಮೇಲೆದ್ದಿತು, ಇನ್ನೂ ಎದ್ದಿತು, ಕಟಕ್ ಅಂತ ನಿಂತಿತು. ತಾರಸಿಗೆ ತಲೆ ಕೊಟ್ಟು, ನೆಲಕ್ಕೆ ಬುಡ ಕೊಟ್ಟು, ಓರೆಯಾಗಿ ಸಿಕ್ಕಿಕೊಂಡಿತು. ಮೇಲಕ್ಕೆ ತಳ್ಳಿದರೂ ಇಲ್ಲ, ಕೆಳಕ್ಕೆ ಜಗ್ಗಿದರೂ ಇಲ್ಲ. ಪ್ಯಾಸೇಜಿನ ಅಗಲವೆಲ್ಲ ಬೀರುವೇ. ಪಕ್ಕದಲ್ಲಿ ಒಂದು ಕೈ ತೂರುವಷ್ಟು ಸಂದು ಮಾತ್ರ. ಅವಳು ಆಚೆ, ನಾನು ಈಚೆ.

"ಏನಾಯ್ತು?" ಎಂದು ಆಚೆಯಿಂದ ಕೇಳಿಸಿತು.

"ಏನಿಲ್ಲ. ಸ್ವಲ್ಪ ದಣಿವಾರಿಸ್ಕೋತಿದೆ."

"ಯಾರು?"

"ಬೀರು."

ಆಚೆಯಿಂದ ಹಲಗೆ ತಟ್ಟಿ ನೋಡಿದಳು. ಆಮೇಲೆ, "ಅಳತೆ ತಗೊಂಡಿರ್ಲಿಲ್ವಾ?"

"ತಗೊಂಡಿದ್ದೆ. ಆಮೇಲೆ ನಾಲ್ಕು ಬೆರಳು ಒಳಗೆ ಬಿಟ್ಟೆ."

"ಯಾಕೆ?"

"ಜಾಸ್ತಿ ಆದ್ರೆ ಮಡಚ್ಕೋಬಹುದು ಅಂತ."

"ಹಲಗೇನಾ?"

ಆ ಒಂದು ಪ್ರಶ್ನೆ ಕಿವಿಗೆ ಬಿದ್ದ ಮೇಲೆಯೇ ನನ್ನ ತಲೆಯೊಳಗೆ ದೀಪ ಹತ್ತಿದ್ದು. ಆಚೆಯಿಂದ ಸಣ್ಣಗೆ ಮುಸು ಮುಸು ಸದ್ದು. ಪಾಪ, ಹೆದರಿ ಅಳುತ್ತಿದ್ದಾಳೆಂದು ಸಂದಿನಲ್ಲಿ ಕಣ್ಣಿಟ್ಟು ನೋಡಿದರೆ ಬಾಯಿಗೆ ಅಂಗೈ ಒತ್ತಿ ನಗುತ್ತಿದ್ದಳು. ನನಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ನಗುವಾಗ ಬೀರು ಒಂದು ಬೆರಳು ಜಾರಿ ನನ್ನ ಮೊಣಕಾಲಿಗೆ ತಗುಲಿತು.

ಸಂದಿನಲ್ಲಿ ನೀರಿನ ಬಾಟಲಿ, ಬಿಸ್ಕತ್ತು ಕೊಟ್ಟೆ. ಅವಳು ಓರೆಯಾಗಿ ನಿಂತ ಬೀರುವಿನೊಳಗೆ ಹತ್ತಿ ಒರಗುಕುರ್ಚಿಯ ಹಾಗೆ ಕೂತುಕೊಂಡಳು. ನಾನು ಈ ಕಡೆ ಹಲಗೆಗೆ ಬೆನ್ನು ಕೊಟ್ಟು ಕೂತೆ. ಬಿಸ್ಕತ್ತು ಕಡಿಯುವ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು, ನಿಂತಿತು.

"ಅಮ್ಮನ ಬಟ್ಟೆ ಎಲ್ಲ ಯಾರಿಗಾದ್ರೂ ಕೊಟ್ಬಿಡ್ತೀರಾ?"

ಎದುರೆದುರು ಕೂತಿದ್ದರೆ ಈ ಮಾತು ಅವಳ ಬಾಯಿಂದ ಜನ್ಮಕ್ಕೂ ಬರುತ್ತಿರಲಿಲ್ಲ.

"ಯಾರಂದ್ರು ಹಾಗಂತ?"

"ಅಪ್ಪ ಅವತ್ತು ಊಟ ಮಾಡೋವಾಗ ಖಾಲಿ ಮಾಡೋಣ್ವಾ ಅಂದ್ನಲ್ಲ."

"ಖಾಲಿ ಮಾಡೋ ಹಾಗಿದ್ರೆ ನಾನ್ಯಾಕೆ ಮರಿ ಈ ಹಲಗೆ ಕೆಳಗೆ ಅಪ್ಪಚ್ಚಿ ಆಗೋಕೆ ಬರ್ತಿದ್ದೆ? ಅದೇ ಸುಲಭ ಇತ್ತಲ್ವಾ?"

ಸ್ವಲ್ಪ ಯೋಚಿಸಿ "ಹೌದಲ್ಲ" ಅಂದಳು. ಆಮೇಲೆ ಮೆಲ್ಲಗೆ, "ಅದು ನಿಮ್ಮ ರೂಮಲ್ಲಿದೆ. ಮುಂಚೆ ಸ್ಕೂಲಿಂದ ಬಂದು, ಬಾಗಿಲು ತೆಗೆದು ಅಲ್ಲೇ ಕೂತ್ಕೋತಿದ್ದೆ. ಸುಮ್ನೆ. ಈಗ ನೀವಿಲ್ಲದಾಗ ಕದ್ದು ಬರ್ತೀನಿ, ನೀವಿದ್ರೆ ಹೇಗೆ ಬರೋದು."

ಕುರ್ಚಿ ಯಾಕೆ ಅಲ್ಲಿಗೆ ಹೋಗುತ್ತಿತ್ತೆಂದು ಆಗ ತಿಳಿಯಿತು. ಅವತ್ತು ನಾನು ಮಂಚದ ಕೆಳಗೆ ತೂರಿದ್ದಾಗ ಅವಳು ಯಾಕೆ ಬಂದಿದ್ದಳೆಂದೂ ತಿಳಿಯಿತು. "ಯಾವಾಗ್ಬೇಕಾದ್ರೂ ಬಾ. ಬಾಗಿಲು ತಟ್ಟೋದೂ ಬೇಡ" ಅಂದೆ. "ಹೂಂ" ಅಂದಳು. ಆದರೆ ಅದು ಬರುತ್ತೇನೆ ಅನ್ನುವ ಹೂಂ ಆಗಿರಲಿಲ್ಲ, ನನಗೆ ಗೊತ್ತಾಯಿತು.

ಸಂಜೆ ಮೇಷ್ಟ್ರು ಬಂದರು. ಬೀರು ನೋಡಿದರು, ಬಲಗಾಲು ಒತ್ತಿದರು, "ಬಡಗಿಗೆ ಫೋನ್ ಮಾಡ್ಲಾ?" ಅಂದರು.

"ಅಪ್ಪಾ, ನೀನು ಸುಮ್ನಿರು. ನಾವು ನೋಡ್ಕೋತೀವಿ" ಎಂದು ಒಳಗಿನಿಂದ ದನಿ ಬಂತು. "ನೀವಿಬ್ರೂ ಎಳೀರಿ, ನಾನು ಒದೀತೀನಿ."

ಒದ್ದಳು ನೋಡಿ! ತಿಂಗಳಿಂದ ಕೂಡಿಟ್ಟಿದ್ದನ್ನೆಲ್ಲ ಸೇರಿಸಿ ಒದ್ದಳು. ತಾರಸಿಯ ಗಾರೆ ಸಮೇತ ಬೀರು ಧಡಾರನೆ ಕೆಳಗೆ ಬಂತು. ಮೇಷ್ಟ್ರ ತಲೆ ತುಂಬ ಸುಣ್ಣ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟಿದ್ದೇನೆ, ನಾಳೆ ಮೆಷಿನ್ ತುಳಿಯುವುದು ಕಷ್ಟ.

ಜೂನ್ 17, ಸೋಮವಾರ

ನಾಲ್ಕು ಬೆರಳು ಕೊಯ್ದು ತೆಗೆದರೆ ಆಯಿತೆಂದು ಗರಗಸ ಹಿಡಿದಿದ್ದೆ. "ತಡೀರಿ" ಅಂದಳು. ನನ್ನ ಸೀಮೆಸುಣ್ಣವನ್ನು ಕೇಳದೆಯೇ ಎತ್ತಿಕೊಂಡು ನೆಲದ ಮೇಲೆ ತ್ರಿಕೋನ ಬರೆದಳು.

"ನಿಂತ ಮೇಲೆ ಸರಿಯಾಗಿರುತ್ತೆ. ಆದ್ರೆ ನಿಲ್ಲೋಕೆ ಮೊದ್ಲು ಏಳ್ಬೇಕಲ್ಲ? ಏಳೋವಾಗ ಕರ್ಣ ತಾರಸಿಗೆ ತಗಲುತ್ತೆ. ಇನ್ನೂ ಕೊಯ್ಬೇಕು."

ಇಪ್ಪತ್ತೈದು ವರ್ಷದಿಂದ ನಾನು ಹೊಲಿದ ಯಾವ ಬಟ್ಟೆಗೂ ಕರ್ಣ ಇರಲಿಲ್ಲ. ಅವಳು ಲೆಕ್ಕ ಹಾಕಿದಳು, ಇಬ್ಬರೂ ಸರದಿಯ ಮೇಲೆ ಕೊಯ್ದೆವು. ಅವಳು ಕೊಯ್ದದ್ದು ದಾರ ಹಿಡಿದ ಹಾಗೆ ನೇರವಾಗಿದೆ. ನಾನು ಕೊಯ್ದ ಕಡೆ ಅಂಗಿಯ ಕಂಕುಳಿನ ಹಾಗೆ ಬಾಗಿದೆ. ಅದನ್ನು ಗೋಡೆಯ ಕಡೆಗೆ ತಿರುಗಿಸುವುದೆಂದು ಇಬ್ಬರಲ್ಲೂ ಒಪ್ಪಂದವಾಯಿತು.

ಜೂನ್ 20, ಗುರುವಾರ

ಬಟ್ಟೆ ತೂಗುಹಾಕುವ ರಾಡು ಎಲ್ಲಿರಬೇಕೆಂದು ಇವತ್ತು ಮನೆಯಲ್ಲಿ ಮಹಾಯುದ್ಧ. ನಾನು ಭುಜದ ಮಟ್ಟಕ್ಕೆ ಗುರುತು ಹಾಕಿದ್ದೆ. ಹುಡುಗಿ ಒಪ್ಪಲೊಲ್ಲಳು.

"ಇನ್ನೂ ಮೇಲೆ ಹಾಕಿ."

"ಅಷ್ಟುದ್ದದ ಬಟ್ಟೆ ನನ್ಹತ್ರ ಎಲ್ಲಿದೆ? ನಾನೇ ಅಷ್ಟುದ್ದ ಇಲ್ಲ."

"ಇರ್ಲಿ, ಮೇಲೆ ಹಾಕಿ."

ಮೇಷ್ಟ್ರು ನನ್ನ ಪರವಾಗಿ ಬಾಯಿ ತೆರೆದರು. ಅವಳು ಒಂದು ನೋಟ ನೋಡಿದಳು, ಮುಚ್ಚಿಕೊಂಡರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ ಅರ್ಧ ಗಂಟೆ ಎಳೆದಾಡಿ ಕೊನೆಗೆ ಮೇಲೆಯೇ ಹಾಕಿದೆವು. ಇನ್ನು ನಾನು ಒಂದು ಅಂಗಿ ತೆಗೆಯಬೇಕೆಂದರೂ ಸ್ಟೂಲು ಹತ್ತಬೇಕು. ಏನು ಹಠ ಈ ಹುಡುಗಿಗೆ! ಬೀರು ನನ್ನದೋ ಅವಳದೋ?

ಜೂನ್ 23, ಭಾನುವಾರ

ಎದ್ದು ನಿಂತಿತು!

ಈ ಸಲ ಮೂವರೂ ಹಿಡಿದೆವು. ತಾರಸಿಗೆ ಕೂದಲೆಳೆಯಷ್ಟು ದೂರದಲ್ಲಿ ಹಾದು, ಗೂಡಿನೊಳಗೆ ಹೋಗಿ ಕೂತಿತು. ಬಾಗಿಲು ಮಾತ್ರ ಮುಚ್ಚಿದರೆ ತಾನಾಗಿ ತೆರೆದುಕೊಳ್ಳುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ನಮ್ಮ ಪ್ಯಾಸೇಜಿನ ನೆಲ ನಿಜವಾಗಿಯೂ ಡೊಂಕು. ನೆಲದ ಸಮ ನೋಡುವ ರಸಮಟ್ಟ ಇಟ್ಟು, ಅದರೊಳಗಿನ ಗುಳ್ಳೆ ಮೂಲೆಗೆ ಓಡುವುದನ್ನು ಇಬ್ಬರಿಗೂ ತೋರಿಸಿದೆ. ಮುಂಗಾಲಿನ ಕೆಳಗೆ ರಟ್ಟು ಮಡಚಿ ಇಟ್ಟ ಮೇಲೆ ಬಾಗಿಲು ತೆಪ್ಪಗಾಯಿತು. ವಾರ್ನಿಷ್ ಬಳಿದಿದ್ದೇವೆ. ಒಂದು ವಾರ ಒಳಗೆ ಏನೂ ಇಡಬಾರದು, ವಾಸನೆ ಹಿಡಿಯುತ್ತದೆ ಅಂದಳು. ನನಗೆ ಈಗಲೇ ಇಡುವ ಆಸೆ. ಇಂಥ ಬೀರು ಈ ಬೀದಿಯಲ್ಲೇ ಯಾರ ಮನೆಯಲ್ಲೂ ಇಲ್ಲ.

ಜೂನ್ 25, ಮಂಗಳವಾರ

ಅಂಗಡಿಯಲ್ಲಿ ಸಮವಸ್ತ್ರದ ಬಟ್ಟೆ ಥಾನುಗಳಿಗೆ ಜಾಗ ಸಾಲದೆ, ಹಿಂದಿನ ರೂಮಿನ ಮಂಚದ ಮೇಲೆ ಒಟ್ಟಿಸಿದೆ. ಸೂರಿನವರೆಗೂ ಹೋಯಿತು. ಹಾಸಿಗೆಯನ್ನು ಕೆಲಸದ ಹೆಂಗಸು ಬೇಕು ಅಂದಳು, ಕೊಟ್ಟೆ. ಅದೇನು ಧೂಳು! ಇಡೀ ದಿನ ಸೀನು.

ಜೂನ್ 29, ಶನಿವಾರ

ಸಮವಸ್ತ್ರದ ಕೊನೆಯ ಗಂಟನ್ನು ಶಾಲೆಗೆ ಕಳಿಸಿ ಬೇಗ ಮನೆಗೆ ಬಂದೆ. ದಾರಿಯುದ್ದಕ್ಕೂ ಯಾವ ಕಪಾಟಿನಲ್ಲಿ ಏನು ಇಡುವುದೆಂದು ಯೋಚಿಸಿಕೊಂಡೇ ಬಂದಿದ್ದೆ. ಸೂಟ್‌ಕೇಸು ಎಳೆದುಕೊಂಡು ಪ್ಯಾಸೇಜಿಗೆ ಹೋಗಿ ಬೀರುವಿನ ಬಾಗಿಲು ತೆಗೆದೆ.

ಬೀರು ತುಂಬಿತ್ತು. ರಾಡಿನಿಂದ ಪಾದದವರೆಗೆ ಇಳಿಬಿದ್ದ ಉದ್ದನೆಯ ಕೋಟು, ಹೂವಿನ ಅಂಗಿಗಳು, ಮಡಚಿಟ್ಟ ಶಾಲುಗಳು. ಯಾವುದೂ ನನ್ನದಲ್ಲ. ಆಕೆಯವು.

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ, ಇಲ್ಲಿ ನೋಡುವವರು ಯಾರೂ ಇಲ್ಲ. ನನಗೆ ಕೆಟ್ಟ ಸಿಟ್ಟು ಬಂತು. ಬೆರಳು ಕೊಯ್ದುಕೊಂಡು, ಮೊಣಕಾಲು ಊದಿಸಿಕೊಂಡು ನಾನು ಮಾಡಿದ್ದು. ಅವಳು ಗರಗಸ ಹಿಡಿದದ್ದು, ಜೊತೆಗೆ ಕೂತು ನಕ್ಕದ್ದು, ರಾಡು ಮೇಲೆ ಹಾಕಿಸಿದ್ದು, ಎಲ್ಲ ಇದಕ್ಕೇನಾ ಅನ್ನಿಸಿತು. ಈ ಮನೆಯಲ್ಲಿ ಹಳೆಯ ಬೀರುವೂ ಆಕೆಯದೇ, ಹೊಸ ಬೀರುವೂ ಆಕೆಯದೇ. ಸೂಟ್‌ಕೇಸಿನ ಹಿಡಿ ಬಿಗಿಯಾಗಿ ಹಿಡಿದು ಹೊರಬಾಗಿಲವರೆಗೂ ಹೋದೆ. ಅಲ್ಲಿ ನಿಂತ ಮೇಲೆ ಹೊಳೆಯಿತು, ನನ್ನ ರೂಮಿನ ಮಂಚದ ತುಂಬ ಇನ್ನೂ ಮಿಕ್ಕ ಥಾನುಗಳಿವೆ, ಹಾಸಿಗೆಯೂ ಇಲ್ಲ. ನನ್ನ ಮೇಲೆಯೇ ನನಗೆ ಇನ್ನಷ್ಟು ಸಿಟ್ಟು ಬಂತು.

"ಎಲ್ಲಿಗೆ ಹೊರಟ್ರಿ?"

ಹುಡುಗಿ ಹಿಂದೆ ನಿಂತಿದ್ದಳು. ಕೈಯಲ್ಲಿ ಒದ್ದೆ ಬಟ್ಟೆ, ಮೂಗಿನ ಮೇಲೆ ಧೂಳು. ಬಾಯಿ ಬಿಟ್ಟರೆ ಅಳು ಬರುತ್ತಿತ್ತು. ಅವಳು ನನ್ನ ಮುಖ ನೋಡಿದಳು, ಪ್ಯಾಸೇಜಿನಲ್ಲಿ ಹಾರು ಹೊಡೆದ ಬೀರುವಿನ ಬಾಗಿಲು ನೋಡಿದಳು.

"ಅಯ್ಯೋ, ಅದಲ್ಲ! ನಿಮ್ದು ಅಲ್ಲಿ ಅಲ್ಲ. ಬನ್ನಿ ಇಲ್ಲಿ."

ನನ್ನ ಕೈಯಿಂದ ಸೂಟ್‌ಕೇಸು ಕಿತ್ತುಕೊಂಡು ನಮ್ಮ ಕೋಣೆಗೆ ನಡೆದಳು. ಅಲ್ಲಿ ಗೋಡೆಯುದ್ದದ ಆ ದೊಡ್ಡ ಬೀರುವಿನ ಎಲ್ಲ ಬಾಗಿಲುಗಳೂ ತೆರೆದಿದ್ದವು. ಒಳಗೆ ಏನೂ ಇರಲಿಲ್ಲ. ಕಪಾಟುಗಳನ್ನು ಒರೆಸಿ, ಅಳತೆಗೆ ಸರಿಯಾಗಿ ಕಾಗದ ಕತ್ತರಿಸಿ ಹಾಸಿತ್ತು. ಮೇಷ್ಟ್ರು ಮಂಚದ ತುದಿಯಲ್ಲಿ, ಮೊಳೆಗಳಿಂದ ಇಳಿಸಿದ ತಮ್ಮ ಅಂಗಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕಣ್ಣು ಕೆಂಪಾಗಿದ್ದವು.

"ಅಮ್ಮ ನನ್ ರೂಮಿನ ಪಕ್ಕ ಇರ್ಲಿ" ಅಂದಳು. "ಬೇಕಾದಾಗ ಬಾಗಿಲು ತೆಗೆದು ಕೂತ್ಕೋಬಹುದು, ಯಾರನ್ನೂ ಕೇಳ್ಬೇಕಾಗಿಲ್ಲ. ಈ ರೂಮಲ್ಲಿ ಇರೋರು ನೀವು. ಅದಕ್ಕೇ ಇದು ನಿಮ್ಗೆ."

"ಒಂದು ಮಾತು ಹೇಳ್ಬಾರ್ದಿತ್ತಾ?" ನನ್ನ ದನಿ ನನಗೇ ಕೇಳಿಸಲಿಲ್ಲ.

"ಹೇಳಿದ್ರೆ ಅಪ್ಪ ಬ್ರೇಕ್ ಒತ್ತುತಿದ್ದ."

"ಒತ್ತುತಿದ್ದೆ" ಎಂದು ಮೇಷ್ಟ್ರು ಒಪ್ಪಿಕೊಂಡರು. "ನಾನು ಬರೋ ಹೊತ್ತಿಗೆ ಅರ್ಧ ಸಾಗಿಸಿಬಿಟ್ಟಿದ್ಲು. ಮಿಕ್ಕಿದ್ದಕ್ಕೆ ನಾನೂ ಕೈ ಹಾಕ್ದೆ."

ನಾನು ಅತ್ತೆ. ಮುಸುಮುಸು ಅಲ್ಲ, ಜೋರಾಗಿಯೇ ಅತ್ತೆ. ಖಾಲಿ ಬೀರುವೊಂದರ ಮುಂದೆ ನಿಂತು ಯಾರಾದರೂ ಹೀಗೆ ಅತ್ತದ್ದುಂಟೋ ಇಲ್ಲವೋ. ಹುಡುಗಿಗೆ ಏನು ಮಾಡಬೇಕೋ ತೋಚದೆ ಕೈಯಲ್ಲಿದ್ದ ಧೂಳಿನ ಬಟ್ಟೆಯನ್ನೇ ಕೊಟ್ಟಳು, ನಾನೂ ಅದರಲ್ಲೇ ಮುಖ ಒರೆಸಿಕೊಂಡೆ.

ಆಮೇಲೆ ಮೂವರೂ ಪ್ಯಾಸೇಜಿಗೆ ಹೋಗಿ ಆಕೆಯ ಬಟ್ಟೆಗಳನ್ನು ನೋಡಿದೆವು. ಮಗಳು ಒಂದೊಂದನ್ನೇ ತೋರಿಸುತ್ತ, ಇದನ್ನು ಹಾಕಿಕೊಂಡು ಅಮ್ಮ ಎಲ್ಲಿಗೆ ಹೋಗಿದ್ದಳು, ಇದರ ಮೇಲೆ ಚಹಾ ಚೆಲ್ಲಿದ್ದು ಯಾರು ಎಂದೆಲ್ಲ ಹೇಳಿದಳು. ಎತ್ತರದ ಹೆಂಗಸು ಆಕೆ, ಒಳ್ಳೆಯ ಬಣ್ಣಗಳನ್ನು ಆರಿಸಿದ್ದಾಳೆ. ಆದರೆ ಆಕೆಯ ದರ್ಜಿ ಯಾರೋ, ಕಾಲರ್ ಕೂರಿಸಲು ಬಾರದವನು. ಆ ಉದ್ದ ಕೋಟಿನ ಒಳಪದರ ಬಿಟ್ಟುಹೋಗಿದೆ. ಸೋಮವಾರ ಅಂಗಡಿಗೆ ತೆಗೆದುಕೊಂಡು ಹೋಗಿ ಸರಿಮಾಡಿ ತರುತ್ತೇನೆ ಅಂದೆ.

ಜುಲೈ 4, ಗುರುವಾರ

ದೊಡ್ಡ ಬೀರು, ಆರಾಮವಾಗಿ ಹರಡಿಕೊಂಡು ಇಡಬಹುದು ಎಂದುಕೊಂಡಿದ್ದೆ. ಎಲ್ಲಿಯ ಆರಾಮ! ಮೊದಲು ಮೇಷ್ಟ್ರು ಬಂದರು. ಹತ್ತೇ ಅಂಗಿ ಅಂದವರು ರಾಡಿನ ಅರ್ಧ ಹಿಡಿದರು. ನಿನ್ನೆ ಕಂಬಳಿಗಳು ಬಂದವು. ಇವತ್ತು ಸಂಜೆ ಮಗಳು ತೋಳು ತುಂಬ ಸ್ವೆಟರು, ಹಳೆಯ ಶಾಲೆ ಚೀಲ, ಬ್ಯಾಡ್ಮಿಂಟನ್ ರಾಕೆಟ್ಟು ಹೊತ್ತುಕೊಂಡು ಬಂದಳು. ನಾನು ಕೆಳಗಿನ ಡ್ರಾಯರಿನಲ್ಲಿ ನೀಟಾಗಿ ಮಡಚಿಟ್ಟಿದ್ದನ್ನೆಲ್ಲ ಎತ್ತಿ ಮಂಚದ ಮೇಲೆ ಹಾಕಿ, ತನ್ನದನ್ನು ತುರುಕಿದಳು.

"ಈ ಡ್ರಾಯರ್ ಇನ್ಮೇಲೆ ನಂದು. ಕೇಳ್ದೆ ತೆಗೀಬೇಡ" ಎಂದು ನನ್ನ ಮೂಗಿನ ಮುಂದೆ ಬೆರಳಾಡಿಸಿ ಹೋದಳು.

ತಿಂಗಳ ಹಿಂದೆ ಕೇಳಿದ್ದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಈಗ ಮಗಳ ಬಾಯಿಗೆ ಬೀಗ ಹಾಕುವವರು ಯಾರು? ಅಪ್ಪ ಮಗಳು ಇಬ್ಬರೂ ಸೇರಿ ನಮ್ಮ ಮನೆಯಲ್ಲಿ ನನ್ನ ಬಟ್ಟೆಗೆ ಒಂದು ಮೂಲೆಯನ್ನೂ ಉಳಿಸಿಲ್ಲ.